ಎರಡು ಊರಿನ ಪಟ್ಟಿಯಲ್ಲಿ ನನ್ನ ಮಗಳು

ಮೊನ್ನೆ ಸೂರತ್‌ನಲ್ಲಿ ನಮ್ಮ ಏರಿಯಾದ ಆರೋಗ್ಯ ಕೇಂದ್ರದಲ್ಲಿ ಪೇಡಾ ಹಂಚಿದರು. ಈ ವರ್ಷ ಇಲ್ಲಿ ಒಂದು ಕೂಸೂ ಸತ್ತಿಲ್ಲವಂತೆ.

ನನ್ನ ಕೈಗೂ ಒಂದು ಪೇಡಾ ಬಂತು.

ನಾನಾಗಿಯೇ ಹೋದವಳಲ್ಲ. ಮೀಟಿಂಗಿಗೆ ಹೆಂಗಸರು ಕಡಿಮೆ ಬಿದ್ದರೆ ಸಾಹೇಬರು ಬೈಯುತ್ತಾರೆಂದು ನಮ್ಮ ಗಲ್ಲಿಯ ಆಶಾ ಬೆನ್ ಕೈ ಹಿಡಿದು ಎಳೆದುಕೊಂಡು ಹೋದರು. ಮನೆಮನೆಗೆ ಬಂದು ಬಸುರಿ, ಬಾಣಂತಿ, ಮಕ್ಕಳ ಹೆಸರು ಬರೆದುಕೊಳ್ಳುವ ಆಶಾ ಕಾರ್ಯಕರ್ತೆ ಅವರೇ; ಬೆನ್ ಎಂದರೆ ಇಲ್ಲಿ ಅಕ್ಕ.

ಗೋಡೆಯ ಮೇಲೆ ದೊಡ್ಡ ಚಾರ್ಟ್. ಹುಟ್ಟಿದ್ದೆಷ್ಟು, ಇಂಜೆಕ್ಷನ್ ಆದದ್ದೆಷ್ಟು, ಕೊನೆಯ ಸಾಲಿನಲ್ಲಿ ಸತ್ತ ಕೂಸುಗಳೆಷ್ಟು. ನನಗೆ ಗುಜರಾತಿ ಓದಲು ಬರುವುದಿಲ್ಲ. ಆದರೆ ಅವರ ಸೊನ್ನೆಯೂ ನಮ್ಮ ಸೊನ್ನೆಯ ಹಾಗೇ ಇದೆ.

ನನ್ನ ಶ್ರಾವ್ಯ ಹೋಗಿ ನಾಲ್ಕು ತಿಂಗಳು...

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಅಮ್ಮ ಏಳನೇ ತಿಂಗಳಿಗೇ ನನ್ನನ್ನು ಕುಂದಾಪುರದ ಕಡೆಯ ನಮ್ಮ ಊರಿಗೆ ಕರೆಸಿಕೊಂಡಿದ್ದರು. ಮಗಳು ಅಲ್ಲೇ ಹುಟ್ಟಿದಳು.

ಅವಳಿಗೆ ಐದು ತಿಂಗಳು ತುಂಬಿದ ಮೇಲೆ ಎತ್ತಿಕೊಂಡು ಇಲ್ಲಿಗೆ ಬಂದೆ. ನನ್ನ ಗಂಡ ಇಲ್ಲಿಯ ಕತಾರ್‌ಗಾಮ್‌ನ ಉಡುಪಿ ಹೋಟೆಲೊಂದರಲ್ಲಿ ದೋಸೆ ಹುಯ್ಯುವವರು. ಮಗಳ ಮುಖ ಅವರು ಅಲ್ಲಿಯವರೆಗೆ ಫೋನಿನಲ್ಲಿ ಮಾತ್ರ ನೋಡಿದ್ದರು.

ಬಂದ ಮೂರನೇ ವಾರ ವಾಂತಿ ಭೇದಿ ಶುರುವಾಯಿತು. ಆಸ್ಪತ್ರೆಗೆ ಹೊರಟ ಆಟೋ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ನನ್ನ ಮಡಿಲಲ್ಲೇ ತಣ್ಣಗಾದಳು. ಆಸ್ಪತ್ರೆಯ ಒಂದು ಚೀಟಿಯೂ ನನ್ನ ಹತ್ತಿರ ಇಲ್ಲ.

ಅವತ್ತು ಆಶಾ ಬೆನ್ ನನ್ನ ಜೊತೆ ಕೂತು ಅತ್ತಿದ್ದರು. ಆ ಧೈರ್ಯದಿಂದಲೇ ಮೀಟಿಂಗ್ ಮುಗಿದ ಮೇಲೆ ಅವರನ್ನು ಮೂಲೆಗೆ ಕರೆದು ಮಗಳ ಬಗ್ಗೆ ಕೇಳಿದೆ, "ಬೆನ್, ಮೇರಿ ಬೇಟಿ?"

ಅವರು ರಿಜಿಸ್ಟರನ್ನು ಎದೆಗೆ ಒತ್ತಿಕೊಂಡರು. "ಅರೇ ಬೆನ್, ವೋ ತೋ ಬಾಹರ್ ಕಾ ಕೇಸ್ ಥಾ ನಾ."

ಅವಳು ಹೊರಗಿನ ಕೇಸಂತೆ. ಹೆರಿಗೆಗೆ ಊರಿಗೆ ಹೋದೆನೆಂದು ನನ್ನ ಹೆಸರನ್ನೇ ಆಗ ಪುಸ್ತಕದಿಂದ ತೆಗೆದಿದ್ದರಂತೆ. ಈ ಪುಸ್ತಕದಲ್ಲಿ ಹುಟ್ಟದ ಮಗುವಿನ ಸಾವನ್ನು ಯಾವ ಸಾಲಿನಲ್ಲಿ ಬರೆಯಲಿ ಎಂದು ನನ್ನನ್ನೇ ಕೇಳಿದರು.

ನಮ್ಮ ಮಾತು ಕೇಳಿಸಿಕೊಳ್ಳದ ನರ್ಸ್ ಒಬ್ಬರು ನಗುತ್ತಾ ಬಂದು ನನ್ನ ಬೆನ್ನು ತಟ್ಟಿದರು. "ಖಾವೋ ನೇ ಬೆನ್! ಸಾಹೇಬ್ ಸಾಲ್ ಮೇಂ ಏಕ್ ಹೀ ಬಾರ್ ಹಸ್ತೇ ಹೈಂ." ಸಾಹೇಬರು ನಗುವುದು ವರ್ಷಕ್ಕೆ ಒಂದೇ ಸಲವಂತೆ, ತಿನ್ನಬೇಕಂತೆ.

ನಾಲ್ಕು ಜನರ ಎದುರು ಮಾತನಾಡಲು ನನಗೆ ಯಾವತ್ತೂ ಬಂದಿಲ್ಲ. ಹೊರಡುವಾಗ ಹಾಜರಿ ಪುಸ್ತಕದಲ್ಲಿ ನನ್ನ ಸಹಿಯನ್ನು ಮಾತ್ರ ಆಶಾ ಬೆನ್ ಮರೆಯದೆ ಹಾಕಿಸಿಕೊಂಡರು.

ಪೇಡಾವನ್ನು ಬಾಗಿಲ ಹೊರಗಿನ ನಾಯಿಗೆ ಹಾಕಿದೆ. ಅದು ಮೂಸಿ ನೋಡಿ ತಿಂದಿತು.

ಇವತ್ತು ಬೆಳಿಗ್ಗೆ ಒಂದು ಫೋನ್. ನನ್ನ ತವರೂರಿಗೆ ಹೊಸದಾಗಿ ಬಂದಿರುವ ಆಶಾ ಕಾರ್ಯಕರ್ತೆ. ನನ್ನನ್ನು ನೋಡಿದವರಲ್ಲ, ಪಟ್ಟಿಯಲ್ಲಿದ್ದ ನಂಬರ್ ಹಿಡಿದು ಮಾಡಿದ್ದು.

"ಹ್ವಾಯ್, ಶ್ರಾವ್ಯನ ಅಮ್ಮ ಅಲ್ದಾ? ಮಗಿಗ್ ಒಂಬತ್ ತಿಂಗ್ಳ್ ಕಳೀತಲೆ! ದಡಾರದ್ ಇಂಜೆಕ್ಷನ್ನಿಗೆ ಪಟ್ಟಿಯಂಗೆ ನಿಮ್ ಹೆಣ್ಣೊಂದೇ ಬಾಕಿ ಕಾಣಿ. ಯಾವಾಗ ಕರ್ಕಂಡ್ ಬತ್ರಿ?"

ಶ್ರಾವ್ಯನ ಅಮ್ಮ... ಹಾಗೆಂದು ನನ್ನನ್ನು ಯಾರೂ ಕರೆಯದೆ ನಾಲ್ಕು ತಿಂಗಳಾಗಿತ್ತು.

ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೇಳಿದರೆ ಅವರೂ ಆ ಹೆಸರಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಸೂರತ್‌ನಲ್ಲಿ ಅವಳು ಹುಟ್ಟಲೇ ಇಲ್ಲ. ಅವಳ ಹೆಸರು ಉಳಿದಿರುವುದು ಆ ಅಕ್ಕನ ಪಟ್ಟಿಯ ಒಂದೇ ಒಂದು ಸಾಲಿನಲ್ಲಿ.

"ಮುಂದಿನ್ ತಿಂಗ್ಳ್ ಬತ್ತೆ ಅಕ್ಕ," ಎಂದೆ.

ಮುಂದಿನ ತಿಂಗಳು ಅವರು ಮತ್ತೆ ಫೋನ್ ಮಾಡುತ್ತಾರೆ. ನೀವಾಗಿದ್ದರೆ, ಆ ಸಾಲನ್ನು ನಿಮ್ಮ ಬಾಯಿಂದಲೇ ಹೇಳಿ ಹೊಡೆದುಹಾಕಿಸುತ್ತಿದ್ದಿರಾ?