ಯಜಮಾನರ ಕಿವಿ, ಹೆಂಡತಿಯ ಬೆಸುಗೆ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಬಾಗಿಲು ಮುಚ್ಚಿದ ಅಂಗಡಿಯೊಳಗಿಂದ ಕರಕರ ಎಂಬ ಸಣ್ಣ ಸದ್ದು ಬರುತ್ತಿದೆ. ಸ್ಪೀಕರ್ ರಿಪೇರಿಯ ಯಜಮಾನರು ಹಾಡೊಂದನ್ನು ಹಾಕಿಕೊಂಡು ಹಳೆಯ ಸ್ಪೀಕರ್ ಪೆಟ್ಟಿಗೆಯೊಂದರ ಹಿಂದಿನ ಗುಂಡಿ ತಿರುಗಿಸುತ್ತಿದ್ದಾರೆ. ಗಾಡಿಗಳ ಗದ್ದಲ ಏಳುವ ಮೊದಲೇ ದನಿ ಹದ ಮಾಡಿಬಿಡಬೇಕು ಎಂಬುದು ಅವರ ಪದ್ಧತಿ. ಪಕ್ಕದಲ್ಲಿ ಸೋಲ್ಡರಿಂಗ್ ಐರನ್ ಕಾಯಿಸುತ್ತಾ ಕೂತವರು ಅವರ ಹೆಂಡತಿ. ಊರಿಗೆಲ್ಲ ಗೊತ್ತಿರುವುದು ಯಜಮಾನರ ಕಿವಿ. ಬೆಸುಗೆ ಯಾರದೆಂದು ಕೇಳಿದವರಿಲ್ಲ.

ಪೆಟ್ಟಿಗೆಯೊಳಗೆ ದಪ್ಪ ದನಿ, ಕೀರಲಾದ ಸಣ್ಣ ದನಿಗಳನ್ನು ಬೇರೆ ಬೇರೆ ಸ್ಪೀಕರಿಗೆ ಹಂಚುವ ಕ್ರಾಸ್‌ಓವರ್ ಇರುತ್ತದೆ. ಅದರಲ್ಲಿ ಸಣ್ಣ ದನಿಗೆ ಲಗಾಮು ಹಾಕುವುದು ರೆಸಿಸ್ಟರ್. ಹಳೆಯ ಪೆಟ್ಟಿಗೆಗಳಲ್ಲಿ ಅದನ್ನು ಹಿಂದಿನ ಗುಂಡಿಯಿಂದ ಬೇಕಾದಂತೆ ತಿರುಗಿಸಬಹುದು.

"ತಿರುಗುತ್ತೆ ಅಂದ್ರೆ ಮನೆಯವರೆಲ್ಲ ಒಂದು ಕೈ ನೋಡ್ತಾರೆ. ಧೂಳು ಕೂರುತ್ತೆ, ತುಕ್ಕು ಹಿಡಿಯುತ್ತೆ. ಅದಕ್ಕೇ ಇವರು ಕೇಳಿ ಒಂದು ಕಡೆ ನಿಲ್ಲಿಸ್ತಾರೆ. ನಾನು ಅಳೆದು ಅಷ್ಟೇ ಓಮಿನ ಕಾಯಂ ರೆಸಿಸ್ಟರ್ ಹಾಕ್ತೀನಿ. ಆಮೇಲೆ ಯಾರಪ್ಪ ಬಂದ್ರೂ ಕದಲಲ್ಲ," ಎನ್ನುತ್ತಾರೆ ಆಕೆ.

ಕದಲದಿರುವುದೇ ಈಗ ತೊಂದರೆಯಾಗಿದೆ. ಈಚೆಗೆ ಪೆಟ್ಟಿಗೆಯೊಂದು ವಾಪಸ್ ಬಂತು. "ಕಿವಿಗೆ ಸೂಜಿ ಚುಚ್ಚಿದ ಹಾಗಿದೆ ಸ್ವಾಮಿ," ಎಂದರು ಗಿರಾಕಿ. ಅದರ ಹಿಂದೆಯೇ ಇನ್ನೊಂದು. "ಎಲ್ಲರಿಗೂ ಒಟ್ಟಿಗೇ ಕಿವಿ ಕೆಟ್ಟಿದೆ ಕಣೇ," ಎಂದು ಯಜಮಾನರು ನಕ್ಕರು. ಹೆಂಡತಿ ನಗಲಿಲ್ಲ. ತಲೆದಿಂಬಿನ ಪಕ್ಕದ ಅಲಾರಂ ಕೀ ಕೀ ಎಂದು ಬಡಿದುಕೊಂಡರೂ ಗಂಡ ಮಗ್ಗುಲು ಬದಲಿಸದಿರುವುದನ್ನು ಆಕೆ ನೋಡುತ್ತಲೇ ಇದ್ದಾರೆ. ಈಗ ಮುಂದಿರುವ ಪೆಟ್ಟಿಗೆಯೂ ವಾಪಸ್ ಬಂದರೆ, ಯಜಮಾನರ ಕಿವಿ ಹೋಯಿತೆಂದು ಜನ ಬಾಯಿಬಿಟ್ಟು ಹೇಳುತ್ತಾರೆ. ಆ ಕಿವಿಯೊಂದನ್ನು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಹೆಮ್ಮೆಯಿಲ್ಲ.

"ಹಾಂ, ಈಗ ಬಂತು ನೋಡು ಸಣ್ಣ ದನಿ. ಅಳೆ."

ಆ ಕೀರಲಿಗೆ ಆಕೆಯ ಹಲ್ಲು ಜುಮ್ಮೆನ್ನುತ್ತದೆ. ಮೀಟರ್ ನೋಡಿ, "ಎರಡು ಓಮ್," ಎನ್ನುತ್ತಾರೆ.

ಯಜಮಾನರು ಮುಖ ತೊಳೆಯಲು ಏಳುತ್ತಾರೆ. ಓಮ್ ಹೆಚ್ಚಿದಷ್ಟೂ ಸಣ್ಣ ದನಿ ತಗ್ಗುತ್ತದೆ. ಆಕೆ ಎರಡರ ಡಬ್ಬಿ ಮುಚ್ಚಿ, ಆರರದ್ದೊಂದನ್ನು ತೆಗೆದು ಬೆಸೆಯುತ್ತಾರೆ. ಅದೇ ಹಾಡು ಈಗ ಮೆತ್ತಗೆ, ಹಿತವಾಗಿ ಬರುತ್ತದೆ. ಐರನ್ ಆರಿಸುವುದಿಲ್ಲ. ಗಂಡ ಬಂದು ಕೇಳಲಿ, ತಪ್ಪು ಹಿಡಿಯಲಿ, ಬಾಯಿಗೆ ಬಂದಂತೆ ಬಯ್ಯಲಿ ಎಂದು ಕಾಯುತ್ತಾರೆ.

ಯಜಮಾನರು ಕಣ್ಣು ಮುಚ್ಚಿ ಹಾಡು ಮುಗಿಯುವವರೆಗೂ ಕೇಳುತ್ತಾರೆ.

"ಭೇಷ್. ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ ಇದೆ. ಈ ಕಿವಿಗೆ ಇನ್ನೂ ವಯಸ್ಸಾಗಿಲ್ಲ ಕಣೇ."

"ನಿಮ್ಮ ಕಿವಿಗೇನ್ರೀ," ಎನ್ನುತ್ತಾ ಆಕೆ ಐರನ್ನಿನ ಸ್ವಿಚ್ ಆರಿಸುತ್ತಾರೆ. ಗಿರಾಕಿಗಳಿಗಾಗಲಿ, ಮಕ್ಕಳಿಗಾಗಲಿ, ಎದುರಿಗೆ ಕೂತ ಈ ಮನುಷ್ಯನಿಗಾಗಲಿ ಇದನ್ನು ಹೇಳುವುದಿಲ್ಲ ಎಂದು ಆ ಹೊತ್ತಿಗಾಗಲೇ ತೀರ್ಮಾನಿಸಿದ್ದಾರೆ.