ನುಂಗಿದ ಗಾಂಧಾರ

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಅಂದದ ಇನ್ನೊಂದು ಹೆಸರು ಹುಡುಕುವ ವಯಸ್ಸು ನನ್ನದಲ್ಲ. ನನ್ನ ಜೊತೆ ಪಿಟೀಲು ಕಲಿತವನು ಲಂಡನ್ನಿಗೆ ಹೋದ, ನಾನು ಜಗಳೂರಿಗೆ ಹೋದೆ. ಆ ಉರಿ ಇನ್ನೂ ಆರಿಲ್ಲ.

ಮೂವತ್ತರ ದಶಕದ ಮಾತು. ನಮ್ಮ ಗುರುಗಳ ಮನೆ ಹೊನ್ನಾಳಿಯಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿತ್ತು. ಶಿಷ್ಯರು ಇಬ್ಬರೇ. ಗುರುಗಳು ನಮ್ಮನ್ನು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರು. ನಾನು ನ್ಯಾಮತಿ, ಅವನು ಚನ್ನಗಿರಿ. ಬೈಗುಳದಲ್ಲಿ ಅವನ ಪಾಲೇ ಹೆಚ್ಚು, ಯಾಕೆಂದರೆ ಅವನಿಗೆ ಕೈ ಚುರುಕು, ಗಮನ ಕಡಿಮೆ. ನಾನು ಹೇಳಿಕೊಟ್ಟದ್ದನ್ನು ಕೂದಲೆಳೆ ತಪ್ಪದಂತೆ ಬಾರಿಸುತ್ತಿದ್ದೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಜೊತೆಯಲ್ಲಿ ಬಾರಿಸುವಾಗ ಒಬ್ಬ ತಪ್ಪಿದರೆ ಇನ್ನೊಬ್ಬ ಸರಿಯಾಗಿ ಬಾರಿಸಿ ಅವನ ಮಾನ ಕಳೆಯಬಾರದು. ಅದೇ ತಪ್ಪನ್ನು ತಾನೂ ಹಿಡಿದು, ಇಬ್ಬರೂ ಸೇರಿ ಮತ್ತೊಮ್ಮೆ ಬಾರಿಸಬೇಕು.

“ಕೇಳೋರು ಬೇಕಂತಲೇ ಮಾಡ್ಯಾರೆ ಅನ್ಕೋಬೇಕು. ಆಮ್ಯಾಲೆ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬಿಟ್ರೆ ನನ್ನ ಹೊಸ್ತಿಲು ತುಳೀಬ್ಯಾಡ್ರಿ,” ಎನ್ನುತ್ತಿದ್ದರು ಗುರುಗಳು. ಅವರು ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಬಾಯಿ ಬಿಡುತ್ತಿದ್ದೇನೆ.

ಬೆಂಗಳೂರಿನ ಒಬ್ಬ ಸಂಗೀತಪ್ರಿಯ ಶ್ರೀಮಂತರು ಒಬ್ಬ ಹುಡುಗನನ್ನು ಲಂಡನ್ನಿಗೆ ಕಳಿಸಿ ಪಿಟೀಲು ಓದಿಸುತ್ತಾರೆ ಎಂಬ ಸುದ್ದಿ ಬಂತು. ನಮ್ಮಿಬ್ಬರ ಪಿಟೀಲು ಕೇಳಲು ಅವರು ಹೊನ್ನಾಳಿಗೇ ಬಂದರು. ಹೋಗುವುದು ಒಬ್ಬನೇ. ನಾನೇ ಎಂದು ನನ್ನ ಅಪ್ಪ ನ್ಯಾಮತಿಯ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ನಾನೂ ಹಾಗೇ ತಿಳಿದಿದ್ದೆ.

ಮೊದಲ ಸರದಿ ಚನ್ನಗಿರಿಯದು. ನಾನು ಪಕ್ಕದಲ್ಲಿ ಜೊತೆಗೆ ಕೂತೆ. ಮೋಹನ ರಾಗ. ಪಂಚಮದಿಂದ ಇಳಿಯುವಾಗ ಅವನು ನಡುವಿನ ಗಾಂಧಾರವನ್ನು ಗುಳಕ್ಕನೆ ನುಂಗಿ ನೇರ ರಿಷಭಕ್ಕೆ ಜಾರಿಬಿಟ್ಟ. ನಾನು ಯೋಚಿಸಲೇ ಇಲ್ಲ, ಹಾಳಾದ ಕೈ! ಅಭ್ಯಾಸ ಬಲದಿಂದ ನಾನೂ ಗಾಂಧಾರ ನುಂಗಿದೆ. ಇಬ್ಬರೂ ಸೇರಿ ಮತ್ತೊಮ್ಮೆ ನುಂಗಿದೆವು. ಶ್ರೀಮಂತರು “ಆಹಾ!” ಎಂದು ತೊಡೆ ತಟ್ಟಿದರು. ನನ್ನ ಸರದಿಯಲ್ಲಿ ಒಂದು ಸ್ವರವೂ ತಪ್ಪಲಿಲ್ಲ.

“ಈತ ಹೇಳಿಕೊಟ್ಟಿದ್ದನ್ನು ಬಾರಿಸುತ್ತಾನೆ. ಆತನಲ್ಲಿ ತನ್ನದು ಅನ್ನುವುದು ಏನೋ ಇದೆ,” ಎಂದರು ಅವರು.

ನಾನು ಗುರುಗಳ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅಯ್ಯೋ, ಅದು ತಪ್ಪು ಸ್ವಾಮಿ ಎನ್ನೋಣವೆಂದರೆ ಕಟ್ಟಳೆ ಅಡ್ಡ ಬಂತು. ಚನ್ನಗಿರಿ ಹಡಗು ಹತ್ತಿದ. ಅಪ್ಪ ಒಂದು ತಿಂಗಳು ಪೇಟೆಯ ಕಡೆ ತಲೆ ಹಾಕಲಿಲ್ಲ.

ಅವನು ಅಲ್ಲಿಂದ ಬರೆದ ಒಂದು ಕಾಗದ ನನ್ನ ಹತ್ತಿರ ಬಹಳ ದಿನ ಇತ್ತು. “ಇಲ್ಲಿ ಮೂವತ್ತು ನಲವತ್ತು ಜನ ಒಟ್ಟಿಗೆ ಬಾರಿಸ್ತೀವಿ. ಎಲ್ಲರ ಮುಂದೂ ಬರೆದ ಹಾಳೆ ಇರ್ತೈತೆ. ಒಬ್ಬ ತಪ್ಪಿದ್ರೆ ಪಕ್ಕದವನು ತಿರುಗಿ ಸುದ್ದಾ ನೋಡಾಕಿಲ್ಲ,” ಎಂದು ಬರೆದಿದ್ದ. ಓದಿ ಮೂಲೆಗೆ ಬಿಸಾಡಿದೆ. ಮಾರನೆಯ ದಿನ ಎತ್ತಿ ಮತ್ತೆ ಓದಿದೆ.

ಯುದ್ಧ ಶುರುವಾಗುವ ಮುಂಚೆಯೇ ಅವನು ವಾಪಸಾದ. ಆಮೇಲೆ ಏನು ಕೇಳುತ್ತೀರಿ, ಮದ್ರಾಸಿನಲ್ಲಿ ಕಚೇರಿ, ಮೈಸೂರಿನಲ್ಲಿ ಕಚೇರಿ, ರೇಡಿಯೋದಲ್ಲಿ ಕಚೇರಿ. ಪತ್ರಿಕೆಯಲ್ಲಿ ಕೋಟು ಹಾಕಿದ ಅವನ ಪಟ. ನಾನು ಜಗಳೂರಿನಲ್ಲಿ ಸ್ಕೂಲು ಮೇಷ್ಟರಾಗಿ, ಸಂಜೆ ಒಂದಿಬ್ಬರಿಗೆ ಪಿಟೀಲು ಹೇಳಿಕೊಡುತ್ತಿದ್ದೆ. ಅವನ ಹೆಸರು ಯಾರಾದರೂ ಎತ್ತಿದರೆ ಸಾಕು, ಅವತ್ತು ನನಗೆ ಊಟ ಸೇರುತ್ತಿರಲಿಲ್ಲ.

ಚನ್ನಗಿರಿಯಲ್ಲಿ ಅವನಿಗೆ ಊರವರೇ ಸನ್ಮಾನ ಇಟ್ಟರು, ಜೊತೆಗೆ ಕಚೇರಿ. ಪಕ್ಕದಲ್ಲಿ ಕೂರಲು ನಾನೇ ಬೇಕೆಂದು ಹೇಳಿಕಳಿಸಿದ. ಹೋದೆ. ಯಾಕೆ ಹೋದೆ ಎಂದರೆ, ಅವನು ಮತ್ತೆ ತಪ್ಪಲಿ, ಈ ಸಲ ನಾನು ಸರಿಯಾಗಿಯೇ ಬಾರಿಸಿ ಅವನ ಊರವರ ಎದುರಿಗೇ ಅವನ ಮಾನ ಕಳೆಯುತ್ತೇನೆ ಎಂದು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೊಂದೇ ಜಪ.

ಅದೇ ಮೋಹನ ಎತ್ತಿಕೊಂಡ. ಪಂಚಮಕ್ಕೆ ಬಂದ. ಈಗ ತಪ್ಪುತ್ತಾನೆ, ಈಗ ತಪ್ಪುತ್ತಾನೆ ಎಂದು ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ಅವನು ತಪ್ಪಲಿಲ್ಲ. ನನ್ನ ಬೆರಳು ಜಾರಿತು. ಗಾಂಧಾರ ನುಂಗಿದವನು ನಾನು!

ಹಾಳೆ ಇಟ್ಟುಕೊಂಡು ಕಲಿತವನು, ಇವನೆಲ್ಲಿ ತಿರುಗಿ ನೋಡುತ್ತಾನೆ ಎಂದುಕೊಂಡೆ. ಅವನು ತಿರುಗಿ ನೋಡಿದ. ಕಣ್ಣು ಮಿಟುಕಿಸಿ ತಾನೂ ಗಾಂಧಾರ ನುಂಗಿದ. ಮತ್ತೊಮ್ಮೆ ಇಬ್ಬರೂ ಸೇರಿ ಬಾರಿಸಿದೆವು. ಸಭೆ ಚಪ್ಪಾಳೆ ಹೊಡೆಯಿತು.

“ಕೇಳಿದ್ರೇನ್ರೀ, ಅದು ಲಂಡನ್ ತಿರುವು!” ಎಂದು ಮುಂದಿನ ಸಾಲಿನ ಯಜಮಾನರೊಬ್ಬರು ಪಕ್ಕದವರಿಗೆ ಹೇಳಿದರು.

ಕಚೇರಿ ಮುಗಿದ ಮೇಲೆ ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಾ ಅವನು ಮೆಲ್ಲಗೆ, “ಅವತ್ತಿಂದು ಇವತ್ತು ತೀರಿಸ್ದೆ ನೋಡೋ ನ್ಯಾಮತಿ,” ಎಂದ.

ತೀರಿಸಿದನಂತೆ! ಅವತ್ತು ಅವನು ತಪ್ಪಿದ್ದಕ್ಕೆ ಅವನಿಗೆ ಲಂಡನ್ ಸಿಕ್ಕಿತು. ಇವತ್ತು ನಾನು ತಪ್ಪಿದ್ದಕ್ಕೂ ಅವನಿಗೇ ಚಪ್ಪಾಳೆ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಪ್ರೀತಿಯೇ ಇತ್ತು. ಅದರಿಂದಲೇ ನನಗೆ ಇನ್ನಷ್ಟು ಉರಿಯಿತು. ಬೈಯಲೂ ಒಂದು ಕಾರಣ ಬಿಡಲಿಲ್ಲ ಆ ಪುಣ್ಯಾತ್ಮ.

ಮುಂದಿನ ವರ್ಷ ಅವನ ಗ್ರಾಮಫೋನ್ ಪ್ಲೇಟು ಬಂತು. ಮೋಹನವೇ. ಅದರಲ್ಲೂ ಆ ತಿರುವನ್ನು ಎರಡು ಸಲ ಹಾಕಿದ್ದ. ಜಗಳೂರಿನಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ ಅಮಲ್ದಾರರ ಹೆಂಡತಿ ಪ್ಲೇಟು ತರಿಸಿ, ಕೀ ಕೊಟ್ಟು ಕೇಳಿಸಿದರು.

“ಮೇಷ್ಟ್ರೆ, ಆ ಲಂಡನ್ ತಿರುವು ನಂಗೂ ಕಲಿಸ್ರಿ.”

ಕಟ್ಟಳೆ ಇನ್ನೂ ಬಾಯಿಗೆ ಬೀಗ ಹಾಕಿತ್ತು. ಪಿಟೀಲು ತೆಗೆದುಕೊಂಡು ಗಾಂಧಾರ ನುಂಗಿ ತೋರಿಸಿದೆ. ಒಂದು ಸಲವಲ್ಲ, ನಾಲ್ಕು ಸಲ. ಆಕೆ ತಲೆ ವಾರೆ ಮಾಡಿ ಕೇಳಿಸಿಕೊಂಡರು.

“ಚೆನ್ನಾಗೈತೆ ಮೇಷ್ಟ್ರೆ,” ಎಂದರು. “ಆದ್ರೆ ಅವರಂಗೆ ಬರಲಿಲ್ಲ ನೋಡ್ರಿ.”