ನಾನು ಸರಿಮಾಡಿದ ಅಕಾರ್ಡಿಯನ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನನ್ನ ಕೆಲಸ ಒಂದೇ: ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಲೇತಿನಿಂದ ಇಳಿದ ಪ್ರತಿ ಬಿಡಿಭಾಗವನ್ನೂ ಮೈಕ್ರೋಮೀಟರಿನಲ್ಲಿ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಬಣ್ಣ ಬಳಿದು ಆಚೆ ಹಾಕುತ್ತಿದ್ದೆ. ನಾನು ಒಳಗೆ ಬಂದರೆ ಕ್ಯಾಂಟೀನಿನಲ್ಲಿ ಮಾತು ನಿಲ್ಲುತ್ತಿತ್ತು. ಅದನ್ನು ಗೌರವ ಎಂದುಕೊಂಡಿದ್ದೆ.

ಇಂಥವನಿಗೆ ನಿವೃತ್ತಿಯಾದ ಮೇಲೆ ಸಂಗೀತದ ಹುಚ್ಚು ಹಿಡಿಯಿತು. ಪೀಣ್ಯದಲ್ಲೇ ನಮ್ಮ ಮನೆಯ ಹಿಂದಿನ ಬೀದಿಯ ಹಿರಿಯರೊಬ್ಬರು ಒಂದು ಕಾಲಕ್ಕೆ ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದವರು. ಕೈನಡುಕ ಶುರುವಾಗಿ ವಾದ್ಯ ಮಂಚದ ಕೆಳಗೆ ಸೇರಿತ್ತು. ಅದನ್ನು ನನಗೆ ಕೊಡುವಾಗ ಒಂದೇ ಷರತ್ತು ಹಾಕಿದರು. "ಕಲಿತ್ಮೇಲೆ ಒಂದ್ಸಲ ಬಂದು ನುಡಿಸಿ ಸಾರ್. ಇದರ ದನಿ ಇನ್ನೊಂದ್ಸಲ ಕೇಳ್ಬೇಕು ನಾನು."

ಸುಮಾರು ಇನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಹುಟ್ಟಿದ ವಾದ್ಯವಿದು, ನಮ್ಮ ಹಾರ್ಮೋನಿಯಂಗೆ ಹತ್ತಿರದ ನೆಂಟ. ಹಾರ್ಮೋನಿಯಂ ಚಾಪೆಯ ಮೇಲೆ ಕೂತು ಭಜನೆಗೆ ಸೇರಿ ಮರ್ಯಾದೆ ಗಳಿಸಿತು. ಇದು ಕಂಡವರ ಕೊರಳಿಗೆ ಜೋತುಬಿದ್ದು ಹಡಗು, ಹೆಂಡದಂಗಡಿ, ಸಿನಿಮಾ ಸ್ಟುಡಿಯೋ ಎಲ್ಲ ಸುತ್ತಿ, ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ಮೇಲೆ ಕೆಲಸ ಕಳೆದುಕೊಂಡು ಪೀಣ್ಯದಲ್ಲಿ ಮಲಗಿತ್ತು. ನುಡಿಸುವುದೋ, ಕುಸ್ತಿಗೆ ಸಮ. ಬಲಗೈಗೆ ಕೀಗಳು, ಎಡಗೈಗೆ ಕಣ್ಣಿಗೆ ಕಾಣದ ಗುಂಡಿಗಳು, ನಡುವೆ ಎದೆಗೆ ಆತು ಉಸಿರಾಡುವ ತಿದಿ. ಮೊದಲ ಹಾಡು ಸರಾಗವಾಗಿ ಹೊರಟ ದಿನ ಜೋರಾಗಿ ನಕ್ಕುಬಿಟ್ಟೆ. ಏನಾಯಿತೋ ಎಂದು ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

ಅಷ್ಟಕ್ಕೇ ಬಿಡಬೇಕಿತ್ತು. ಅಕಾರ್ಡಿಯನ್ನಿನ ಒಂದೊಂದು ಕೀ ಒತ್ತಿದಾಗಲೂ ಒಳಗೆ ಎರಡೆರಡು ಉಕ್ಕಿನ ನಾಲಿಗೆಗಳು ಒಟ್ಟಿಗೆ ನುಡಿಯುತ್ತವೆ. ಫೋನಿನಲ್ಲಿ ಶ್ರುತಿ ಅಳೆದರೆ ಎರಡಕ್ಕೂ ಕೊಂಚ ವ್ಯತ್ಯಾಸ, ಅದೂ ಎಲ್ಲ ಕೀಗಳಲ್ಲಿ. ತಪ್ಪು ಎಲ್ಲ ಕಡೆ ಒಂದೇ ಥರ ಇದ್ದರೆ ಬೇಕೆಂದೇ ಮಾಡಿದ್ದಿರಬಹುದು ಎಂದು ಎಳೆಯ ಅಪ್ರೆಂಟಿಸನಿಗೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಎರಡು ತಿಂಗಳು ಸಣ್ಣ ಅರ ಹಿಡಿದು ಉಜ್ಜಿ, ಜೋಡಿ ಜೋಡಿಯಾಗಿ ಸಮ ಮಾಡಿದೆ. ಫೋನಿನ ಶ್ರುತಿಮೀಟರಿನ ಮುಳ್ಳು ನಡುವೆ ನಿಂತಾಗಲೆಲ್ಲ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದನಿ ಯಾಕೋ ರಿವರ್ಸ್ ತೆಗೆಯುವ ಲಾರಿಯಂತಾಗಿದೆ ಎಂದು ಹೆಂಡತಿ ಹೇಳಿದಳು. ಅವಳಿಗೇನು ಗೊತ್ತು ಎಂದುಕೊಂಡೆ.

ಒಂದು ಭಾನುವಾರ ಹಿರಿಯರ ಮನೆಗೆ ಹೋಗಿ ನುಡಿಸಿದೆ. ಅವರು ಅರ್ಧದಲ್ಲೇ ಕೈಯೆತ್ತಿದರು.

"ಎರಡೂ ಒಂದೇ ಮಾಡ್ಬಿಟ್ರಾ ಸಾರ್?"

ಹೆಮ್ಮೆಯಿಂದ ಹೌದೆಂದೆ. ಆ ಚೂರು ಅಂತರದಿಂದಲೇ ದನಿ ಅಲೆಯಂತೆ ಅಲುಗುವುದು ಎಂದು ಅವರು ಮೆಲ್ಲಗೆ ತಿಳಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾತು ಬದಲಿಸಲು, ಮೇಲ್ತುದಿಯ ಒಂದು ಕೀ ಮಾತ್ರ ಇನ್ನೂ ಹಾಗೇ ಉಳಿದಿದೆ, ಅರ ಒಳಗೆ ಹೋಗಲಿಲ್ಲ, ಕ್ಷಮಿಸಿ ಎಂದೆ.

"ಅದನ್ನ ಒತ್ತಿ ಸಾರ್."

ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡರು. ತಿದಿಯ ಗಾಳಿ ಮುಗಿದಾಗ ಕಣ್ಣು ತೆರೆಯದೆಯೇ ಇನ್ನೊಂದ್ಸಲ ಅಂದರು. ಸಂಜೆಯವರೆಗೂ ನಾನು ಆ ಒಂದೇ ಕೀ ಒತ್ತುತ್ತಾ ಕೂತಿದ್ದೆ.